ಹಿತ್ತಲಿನಲ್ಲಿ ಉಳ್ಳಾಗಡ್ಡಿ ತಪ್ಪಲು



2019ರ ಆಗಸ್ಟ್ ತಿಂಗಳಲ್ಲಿ ಪಂಚಗಂಗೆ ಉಕ್ಕಿ ಹರಿದುದನ್ನು ಕೊಲ್ಹಾಪುರ, ಇಚಲಕರಂಜಿ ಕಡೆಯ ನಾವು ಯಾರೂ ಮರೆತಿಲ್ಲ. ಅದೇ ವರ್ಷದ ಕೊನೆಗೆ ಉಳ್ಳಾಗಡ್ಡಿ ಕಿಲೋಗೆ 100 ರೂಪಾಯಿ ದಾಟಿತು. ಎಕರೆಗಟ್ಟಲೆ ಕಬ್ಬು ಬೆಳೆಯುವ ಮನೆಗಳಲ್ಲೂ ಒಗ್ಗರಣೆಗೆ ಉಳ್ಳಾಗಡ್ಡಿ ಲೆಕ್ಕ ಹಾಕಿ ಹೆಚ್ಚುವ ಹಾಗಾಯಿತು. ಹೊಲದ ತುಂಬ ಕಬ್ಬು, ಕಾಯಿಪಲ್ಲೆಗೆ ಮಾತ್ರ ಸಂತೆ. ಈ ರೂಢಿಯನ್ನು ನಾವು ಸ್ವಲ್ಪವಾದರೂ ಬದಲಿಸಬೇಕು. ಉಳ್ಳಾಗಡ್ಡಿ ತಪ್ಪಲಿನಿಂದ ಆರಂಭಿಸುವುದು ಸುಲಭ. ನೆರೆಯ ಮರಾಠಿ ಮನೆಗಳಲ್ಲಿ ಇದಕ್ಕೇ 'ಕಾಂದ್ಯಾಚೀ ಪಾತ' ಎನ್ನುತ್ತಾರೆ.

ತಪ್ಪಲಿಗಾಗಿಯೇ ಇರುವ ಒಂದು ಜಾತಿಯ ಉಳ್ಳಾಗಡ್ಡಿಯಿದೆ. ಅದು ದಪ್ಪ ಗಡ್ಡೆ ಕಟ್ಟುವುದಿಲ್ಲ; ಬುಡದಲ್ಲಿ ಮರಿ ಒಡೆದು ಗುಂಪಾಗುತ್ತದೆ. ಗುಂಪನ್ನು ಬಿಡಿಸಿ ನೆಟ್ಟರೆ ಮತ್ತೆ ಬೆಳೆಯುತ್ತದೆ. ಅದರ ಬೀಜ ಸಿಗದಿದ್ದರೆ ಚಿಂತೆ ಬೇಡ. ಅಡುಗೆಮನೆಯಲ್ಲಿ ಮೊಳಕೆ ಬಂದ ಗಡ್ಡೆಗಳನ್ನು ಎಸೆಯದೆ ನೆಡಿರಿ. ಮೂರು ನಾಲ್ಕು ವಾರಗಳಲ್ಲಿ ತಪ್ಪಲು ಕೊಯ್ಯಬಹುದು. ಬೀಜ ಹಾಕುವುದಾದರೆ ಹೊಸದನ್ನೇ ತನ್ನಿರಿ. ವರ್ಷ ದಾಟಿದ ಉಳ್ಳಾಗಡ್ಡಿ ಬೀಜ ಸರಿಯಾಗಿ ಮೊಳೆಯುವುದಿಲ್ಲ.

ಗಡಹಿಂಗ್ಲಜದ ಹಿರಣ್ಯಕೇಶಿ ದಂಡೆಯಿರಲಿ, ಪಂಚಗಂಗೆಯ ದಂಡೆಯಿರಲಿ, ಕಪ್ಪು ನೆಲದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆದ್ದರಿಂದ ಒಂದು ಗೇಣು ಎತ್ತರದ ಮಡಿ ಮಾಡಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿರಿ. ಸಾಲಿನಿಂದ ಸಾಲಿಗೆ ಒಂದು ಗೇಣು, ಗಿಡದಿಂದ ಗಿಡಕ್ಕೆ ನಾಲ್ಕು ಬೆರಳು ಅಂತರ ಸಾಕು. ಮಳೆಗಾಲ ಮುಗಿದ ಮೇಲೆ, ಚಳಿಗಾಲದಲ್ಲಿ, ಬೆಳೆ ಬಹಳ ಚೆನ್ನಾಗಿ ಬರುತ್ತದೆ. ಬುಡದ ಮೇಲೆ ಎರಡು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ.

ಒಣಹವೆಯಲ್ಲಿ ಎಲೆಗಳ ಮೇಲೆ ಬಿಳಿ ಗೆರೆಗಳು ಕಂಡರೆ ಅದು ಥ್ರಿಪ್ಸ್ ನುಸಿಯ ಕೆಲಸ. ಮನೆಯವರೇ ತಿನ್ನುವ ತಪ್ಪಲಿಗೆ ಕಬ್ಬಿಗೆ ಹೊಡೆಯುವ ಔಷಧಿ ಬೇಡವೇ ಬೇಡ. 50 ಗ್ರಾಂ ಬೇವಿನ ಬೀಜದ ತಿರುಳನ್ನು ಜಜ್ಜಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಚಿಟಿಕೆ ಸಾಬೂನು ಬೆರೆಸಿ ಸಂಜೆ ಹೊತ್ತಿಗೆ ಸಿಂಪಡಿಸಿರಿ.

ಮುಖ್ಯವಾದ ಇನ್ನೊಂದು ಮಾತು. ಗಟಾರದ ನೀರನ್ನಾಗಲಿ, ಕಾರ್ಖಾನೆಯ ಹೊಲಸು ನೀರನ್ನಾಗಲಿ ಈ ಮಡಿಗೆ ಬಿಡಬೇಡಿರಿ. ಹಸಿಯಾಗಿ ತಿನ್ನುವ ತಪ್ಪಲಿನೊಂದಿಗೆ ಜಂತು, ಭೇದಿ ಮನೆಯೊಳಗೆ ಬರುತ್ತವೆ. ಬೇಳೆ, ಕಾಯಿಪಲ್ಲೆ ತೊಳೆದ ನೀರು ಹಾಕಬಹುದು. ತಿನ್ನುವ ಮುಂಚೆ ತಪ್ಪಲನ್ನು ಸ್ವಚ್ಛ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ.

ಹಸಿರು ತಪ್ಪಲಿನಲ್ಲಿ 'ಎ', 'ಸಿ' ಮತ್ತು 'ಕೆ' ಜೀವಸತ್ವಗಳಿಗೆ ಆಧಾರವಿದೆ. ಬಹಳ ಹೊತ್ತು ಬೇಯಿಸಿದರೆ 'ಸಿ' ಹಾಳಾಗುತ್ತದೆ. ಝುಣಕದಲ್ಲಿ ಅರ್ಧ ತಪ್ಪಲನ್ನು ಕೊನೆಗೆ ಹಾಕಿರಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಡಾಕ್ಟರರನ್ನು ಕೇಳದೆ ತಪ್ಪಲು ತಿನ್ನುವುದನ್ನು ಒಮ್ಮೆಲೇ ಹೆಚ್ಚು ಕಡಿಮೆ ಮಾಡಬಾರದು.

ಜಾಗವಿಲ್ಲ ಎನ್ನುವವರಿಗೆ ಒಡೆದ ಕೊಡವೂ ಸಾಕು. ಮುಂದಿನ ಸಲ ಮೊಳಕೆ ಬಂದ ಗಡ್ಡೆ ಕೈಗೆ ಸಿಕ್ಕರೆ ಅದನ್ನು ತಿಪ್ಪೆಗೆ ಹಾಕದೆ ಮಣ್ಣಿಗೆ ಹಾಕೋಣ.