ರಿಪೋರ್ಟ್ ಬಂದ ಮೇಲೆ, ಕಿಮೊಗೆ ಮುನ್ನ

ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿಯಲ್ಲಿ ಗಾರ್ಮೆಂಟ್ಸ್ ಶಿಫ್ಟಿಗೆ ಬಂದಿಳಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಇವರಲ್ಲೊಬ್ಬರಿಗೆ ಎದೆಯಲ್ಲಿ ನೋವಿಲ್ಲದ ಗಂಟು ಕೈಗೆ ಸಿಕ್ಕಿ, ಬಯಾಪ್ಸಿಯಾಗಿ, ಸ್ತನ ಕ್ಯಾನ್ಸರ್ ಎಂದು ರಿಪೋರ್ಟ್ ಬಂತು ಎಂದುಕೊಳ್ಳಿ. ಕಾಯಿಲೆಯ ಭಯದ ಜೊತೆಗೇ ಬರುವ ಪ್ರಶ್ನೆ, “ಕೆಲಸಕ್ಕೆ ಹೋಗದಿದ್ದರೆ ಮನೆ ನಡೆಯೋದು ಹೇಗೆ?” ಅಲ್ಲಿಂದಲೇ ಶುರುಮಾಡೋಣ.

ಸಂಬಳದಲ್ಲಿ ನೂರಕ್ಕೆ 75 ಪೈಸೆಯಂತೆ ಇಎಸ್‌ಐಗೆ ಹಿಡಿಯುತ್ತಿದ್ದರೆ ಆ ಕಾರ್ಡ್ ಈಗ ಹೊರಗೆ ಬರಬೇಕು. ಅದು ಚಿಕಿತ್ಸೆಗಷ್ಟೇ ಅಲ್ಲ. ಕಾಯಿಲೆಯ ರಜೆಯಲ್ಲಿ 91 ದಿನಗಳವರೆಗೆ ಸಂಬಳದ ಶೇ. 70ರಷ್ಟು ಹಣ ಸಿಗುತ್ತದೆ. ಎರಡು ವರ್ಷ ಸತತವಾಗಿ ದುಡಿದವರಿಗೆ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆ ಬಂದಾಗ, ಶೇ. 80ರಂತೆ ಗರಿಷ್ಠ ಎರಡು ವರ್ಷದವರೆಗೂ ಸಿಗಬಹುದು. ಇದು ಗೊತ್ತಿಲ್ಲದೆ ರಾಜೀನಾಮೆ ಬರೆದುಕೊಟ್ಟು ಮನೆಗೆ ಹೋಗುವವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ರಾಜೀನಾಮೆ ಕೊಡಬೇಡಿ, ರಜೆ ಕೇಳಿ. ಇಎಸ್‌ಐ ಇಲ್ಲದ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಆಸ್ಪತ್ರೆಗೆ ಹೋಗುವವರೂ ರೇಷನ್ ಕಾರ್ಡ್, ಆಧಾರ್ ಜೊತೆಯಲ್ಲಿಟ್ಟುಕೊಳ್ಳಬೇಕು.

ಹಾಗೆಂದು ನಾಳೆಯೇ ಕಿಮೊ ಹಾಕಿಬಿಡಬೇಕೆಂಬ ಗಾಬರಿ ಬೇಡ. ಗಂಟಿನ ಚೂರನ್ನು ಇಆರ್, ಪಿಆರ್, ಹರ್2 ಎಂಬ ಮೂರು ಗುಣಗಳಿಗಾಗಿ ನೋಡುತ್ತಾರೆ. ಯಾವ ಔಷಧ, ಆಪರೇಷನ್ ಮೊದಲೋ ಕಿಮೊ ಮೊದಲೋ ಎಂಬುದು ಬಹುಮಟ್ಟಿಗೆ ಇದರ ಮೇಲೆ ನಿಂತಿದೆ. ಹೃದಯದ ಎಕೋ, ರಕ್ತ ಪರೀಕ್ಷೆ ಆಗಬೇಕು. ಹುಳುಕು ಹಲ್ಲಿದ್ದರೆ ಈಗಲೇ ತೋರಿಸಬೇಕು. ಇನ್ನೂ ಮಕ್ಕಳು ಬೇಕೆನ್ನುವವರು ಸಂಕೋಚ ಬಿಟ್ಟು ಮೊದಲೇ ಹೇಳಬೇಕು. ಇಷ್ಟಕ್ಕೆ ಎರಡು ಮೂರು ವಾರ ಹಿಡಿದರೆ ಸಾಮಾನ್ಯವಾಗಿ ನಷ್ಟವಿಲ್ಲ. ತಿಂಗಳುಗಟ್ಟಲೆ ಅಲೆದರೆ ನಷ್ಟವಿದೆ.

ನಮ್ಮ ಜಿಲ್ಲೆಯಲ್ಲಿ ಆ ಅಲೆದಾಟಕ್ಕೊಂದು ದಾರಿ ಹಿಂದಿನಿಂದಲೂ ಇದೆ. ಸಾಗರ ತಾಲ್ಲೂಕಿನ ಆನಂದಪುರದ ಬಳಿಯ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಯವರು ಕೊಡುತ್ತಿದ್ದ ಮರದ ಚಕ್ಕೆಗಾಗಿ ದೇಶದ ಮೂಲೆಮೂಲೆಯಿಂದ ಜನ ಬಂದು ಸಾಲು ನಿಲ್ಲುತ್ತಿದ್ದರು. ಅವರು 2020ರಲ್ಲಿ ತೀರಿಕೊಂಡರು. ರಿಪೋರ್ಟ್ ಬಂದ ಮನೆಗೆ ಬರುವ ನೆಂಟರು ಇಂದಿಗೂ “ಒಂದ್ಸಲ ಚಕ್ಕೆ ತಂದು ನೋಡಿ” ಎನ್ನುತ್ತಾರೆ. ಆ ಮಾತಿನ ಹಿಂದಿನ ಪ್ರೀತಿ ನಿಜ. ಆದರೆ ಕಿಮೊ ಔಷಧಗಳಲ್ಲೊಂದಾದ ಪ್ಯಾಕ್ಲಿಟ್ಯಾಕ್ಸೆಲ್ ಕೂಡ ಮರದ ತೊಗಟೆಯಿಂದಲೇ ಬಂದದ್ದು. 1962ರಲ್ಲಿ ಅಮೆರಿಕದ ಪಶ್ಚಿಮದ ಕಾಡಿನಲ್ಲಿ ಯೂ ಮರದ ತೊಗಟೆ ಸಂಗ್ರಹಿಸಿದರು. ಅದರೊಳಗಿನ ವಸ್ತುವಿನ ರಚನೆಯನ್ನು ಮನ್ರೋ ವಾಲ್ ಮತ್ತು ಭಾರತದಲ್ಲಿ ಹುಟ್ಟಿದ ಮನ್ಸುಖ್ ವಾನಿ 1971ರಲ್ಲಿ ಪ್ರಕಟಿಸಿದರು. ಸ್ತನ ಕ್ಯಾನ್ಸರ್‌ಗೆ ಬಳಸಲು ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ಯಾರಿಗೆ ಎಷ್ಟು, ಎಷ್ಟು ದಿನಕ್ಕೊಮ್ಮೆ, ಏನು ತೊಂದರೆಯಾದೀತು ಎಂದು ಅಳೆದು ನೋಡಲು ಅಷ್ಟು ಕಾಲ ಹಿಡಿಯಿತು. ಹಾಗೆ ಅಳೆಯದ ಕಷಾಯವನ್ನು ಕಿಮೊ ಜೊತೆ ಕುಡಿದರೆ ಲಿವರ್ ಮೇಲೆ ಏನಾಗುವುದೋ ಹೇಳಲಾಗದು. ಕುಡಿಯುತ್ತಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ. ಅದಕ್ಕಾಗಿ ಕಿಮೊವನ್ನಂತೂ ಮುಂದೂಡಲೇಬೇಡಿ.

ಅನೇಕರಿಗೆ ಮೊದಲು ಕೊಡುವುದು ಡಾಕ್ಸೊರುಬಿಸಿನ್. ಸಿರಿಂಜಿನಲ್ಲಿ ಕೆಂಪಗೆ ಕಾಣುವ ಈ ಔಷಧವನ್ನು ಕೈಯ ನರಕ್ಕೆ ನಿಧಾನವಾಗಿ ಬಿಡುತ್ತಾರೆ. ಆಗ ಅಲ್ಲಿ ಉರಿಯೋ ನೋವೋ ಬಂದರೆ ತಡೆದುಕೊಂಡು ಕೂರದೆ ತಕ್ಷಣ ನರ್ಸ್‌ಗೆ ಹೇಳಿ. ಔಷಧ ನರದಿಂದ ಹೊರಗೆ ಸೋರಿದರೆ ಚರ್ಮ, ಮಾಂಸ ಸುಟ್ಟುಹೋಗುತ್ತದೆ. ಒಂದೆರಡು ದಿನ ಮೂತ್ರ ಕೆಂಪಗೆ ಹೋದರೆ ಅದು ಔಷಧದ ಬಣ್ಣ, ರಕ್ತವೆಂದು ಹೆದರಬೇಡಿ. ವಾಂತಿಯ ಮಾತ್ರೆಗಳನ್ನು ವಾಂತಿ ಬರುವವರೆಗೆ ಕಾಯದೆ ಹೇಳಿದ ಹೊತ್ತಿಗೆ ನುಂಗಿ. ಸಕ್ಕರೆ ಕಾಯಿಲೆ ಇರುವವರಿಗೆ ಜೊತೆಯಲ್ಲಿ ಕೊಡುವ ಸ್ಟೆರಾಯ್ಡ್‌ನಿಂದ ಸಕ್ಕರೆ ಏರುತ್ತದೆ.

ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲೇಬೇಕು. ಕಿಮೊ ಆದ ಒಂದರಿಂದ ಎರಡು ವಾರದೊಳಗೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ತೀರಾ ಇಳಿಯುತ್ತದೆ. ಜ್ವರ 100.4 ಡಿಗ್ರಿ ತಲುಪಿದರೆ ನಡುರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಬೇಕು. ಡೋಲೊ ನುಂಗಿ ಬೆಳಗಿನವರೆಗೆ ಕಾಯುವುದು ಜೀವಕ್ಕೇ ಕುತ್ತು. ರಾತ್ರಿ ಗಾಡಿ ಯಾರದ್ದು, ಫೋನ್ ಯಾರಿಗೆ ಎಂದು ಮನೆಯವರು ಮೊದಲೇ ಮಾತಾಡಿಟ್ಟುಕೊಳ್ಳಿ.

ಕೂದಲು ಉದುರುವುದು ಎರಡು ಮೂರು ವಾರಕ್ಕೆ. ಬಾಚಣಿಗೆ ತುಂಬ ಬರುವ ಕೂದಲನ್ನು ನೋಡಿದಾಗ ಅಳು ಬಂದರೆ ಅತ್ತುಬಿಡಿ. “ಜೀವಕ್ಕಿಂತ ಕೂದಲು ಹೆಚ್ಚಾ?” ಎಂದು ಯಾರೂ ಬುದ್ಧಿ ಹೇಳಬೇಕಿಲ್ಲ. ಮುಂಚೆಯೇ ಚಿಕ್ಕದಾಗಿ ಕತ್ತರಿಸಿಕೊಂಡರೆ ಕೆಲವರಿಗೆ ಸುಲಭ. ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಮತ್ತೆ ಬರುತ್ತದೆ. ಈ ಕಾಯಿಲೆಯನ್ನು ಮುಚ್ಚಿಡದೆ ಬರೆದ ಹೆಣ್ಣುಮಕ್ಕಳು ಕನ್ನಡದಲ್ಲಿದ್ದಾರೆ. ಬಿ.ವಿ. ಭಾರತಿಯವರ ‘ಸಾಸಿವೆ ತಂದವಳು’ ತಮ್ಮ ಸ್ತನ ಕ್ಯಾನ್ಸರ್ ದಿನಗಳ ಕಥನ. ಓದಲು ತ್ರಾಣವಿಲ್ಲದಿದ್ದರೆ ಯಾರಾದರೂ ಓದಿ ಹೇಳಲಿ.

ಮೂರು ವಾರಕ್ಕೊಮ್ಮೆ ಕಿಮೊ ಇರುವವರಲ್ಲಿ ಹೆಚ್ಚಿನವರಿಗೆ ಮೊದಲ ವಾರ ಸುಸ್ತು, ಎರಡನೇ ವಾರ ಸೋಂಕಿನ ಎಚ್ಚರ, ಮೂರನೆಯದರಲ್ಲಿ ಕೈಕಾಲಿಗೆ ಶಕ್ತಿ. ಮಕ್ಕಳ ಶಾಲೆಯ ಕೆಲಸ, ತವರಿಗೆ ಹೋಗಿಬರುವುದು, ಇಎಸ್‌ಐ ಕಚೇರಿ ಇವನ್ನೆಲ್ಲ ಆ ಮೂರನೇ ವಾರಕ್ಕೆ ಇಟ್ಟುಕೊಳ್ಳಿ.