ಕಲ್ಪಿತ ಜೀವಿಗಳ ಕಾಳಗವೂ ದೊರೆತನದ ಪ್ರಶ್ನೆಯೂ

ಪೀಠಿಕೆ

ಇಲ್ಲದ ಪ್ರಾಣಿಯನ್ನು ಕಾದಾಡಿಸುವುದು ಪಾಪವೇ? ಈ ಪ್ರಶ್ನೆ ದೇವಜ್ಞಾನದ ತರಗತಿಗೆ ತಕ್ಕದ್ದಲ್ಲವೆಂದು ಮೊದಲ ನೋಟಕ್ಕೆ ಅನ್ನಿಸಬಹುದು. ಆದರೆ ನಮ್ಮ ಸಭೆಗಳ ಮಕ್ಕಳೂ ಯುವಜನರೂ ಬಹಳ ಹೊತ್ತು ತೊಡಗಿರುವ ಆಟಗಳಲ್ಲಿ ಒಂದು ಬಗೆಯ ಆಟದ ತಿರುಳೇ ಇದು. ಕಲ್ಪಿತ ಜೀವಿಯೊಂದನ್ನು ಹಿಡಿಯುವುದು, ಪಳಗಿಸುವುದು, ತರಬೇತಿ ಕೊಟ್ಟು ಇನ್ನೊಬ್ಬರ ಜೀವಿಯ ಮೇಲೆ ಬಿಡುವುದು. ಇದರ ಬಗ್ಗೆ ತಂದೆತಾಯಿಗಳು ಸಭಾಪಾಲಕರನ್ನು ಕೇಳಿದಾಗ ಸಾಮಾನ್ಯವಾಗಿ ಎರಡು ಸಿದ್ಧ ಉತ್ತರಗಳು ದೊರೆಯುತ್ತವೆ. ‘ಅದು ಬರೀ ಆಟ, ಬಿಡಿ’ ಎನ್ನುವುದು ಒಂದು. ‘ಅದು ಸೈತಾನನ ಕೆಲಸ, ಬಿಡಿಸಿ’ ಎನ್ನುವುದು ಇನ್ನೊಂದು. ಎರಡೂ ವಿಚಾರವನ್ನು ಆರಂಭದಲ್ಲೇ ಮುಗಿಸಿಬಿಡುತ್ತವೆ. ಈ ಬಗೆಯ ಆಟಗಳಲ್ಲಿ ಅತ್ಯಂತ ಪ್ರಸಿದ್ಧವಾದ ಪೊಕೆಮಾನನ್ನು ಉದಾಹರಣೆಯಾಗಿಟ್ಟುಕೊಂಡು ಈ ಎರಡು ಉತ್ತರಗಳ ನಡುವೆ ಇರುವ ನಿಜವಾದ ಪ್ರಶ್ನೆಯನ್ನು ಗುರುತಿಸುವುದು ಈ ಲೇಖನದಲ್ಲಿ ನಮ್ಮ ಉದ್ದೇಶ.

1. ಆಟದ ಸ್ವರೂಪ

ಪೊಕೆಮಾನ್ ಆಟವು 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ, ನಿಂಟೆಂಡೊ ಸಂಸ್ಥೆಯ ಗೇಮ್ ಬಾಯ್ ಎಂಬ ಕೈಯಂತ್ರಕ್ಕಾಗಿ ಬಿಡುಗಡೆಯಾಯಿತು. ಅದನ್ನು ಕಲ್ಪಿಸಿದ ಸತೋಶಿ ತಜಿರಿ ಬಾಲ್ಯದಲ್ಲಿ ಟೋಕಿಯೊ ಹೊರವಲಯದ ಗದ್ದೆ, ಕೊಳಗಳ ಬಳಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಡುತ್ತಿದ್ದವರು. ನಗರ ಬೆಳೆದು ಆ ಬಯಲುಗಳು ಮಾಯವಾದಾಗ, ಹಿಡಿಯುವ ಮತ್ತು ಕೂಡಿಸುವ ಆ ಸಂತೋಷವನ್ನು ನಗರದ ಮಕ್ಕಳಿಗೆ ಆಟದ ರೂಪದಲ್ಲಿ ಕೊಡಬಯಸಿದರು. ಮೊದಲ ಆಟದಲ್ಲಿದ್ದ 151 ಬಗೆಯ ಜೀವಿಗಳು ಇಂದು ಸಾವಿರವನ್ನು ಮೀರಿವೆ. 2016ರಲ್ಲಿ ಮೊಬೈಲಿನ ‘ಪೊಕೆಮಾನ್ ಗೋ’ ಬಂದ ಮೇಲೆ ಬೀದಿ, ಉದ್ಯಾನಗಳೂ ಈ ಬೇಟೆಯ ಬಯಲಾದವು.

ಆಟದ ಕ್ರಮ ಸರಳವಾದದ್ದು. ಕಾಡುಜೀವಿಯನ್ನು ಕಾದಾಟದಲ್ಲಿ ದಣಿಸಿ ಒಂದು ಚೆಂಡಿನೊಳಗೆ ಸೆರೆಹಿಡಿಯಬೇಕು. ಬಳಿಕ ಅದು ಆಟಗಾರನ ಆಜ್ಞೆಯಂತೆ ಕಾದಾಡಿ ಬಲಿಯುತ್ತ ಹೋಗುತ್ತದೆ. ಶಕ್ತಿ ಮುಗಿದಾಗ ಅದು ಸಾಯುವುದಿಲ್ಲ, ಪ್ರಜ್ಞೆತಪ್ಪಿ ಬೀಳುತ್ತದೆ. ಊರೂರಿನಲ್ಲಿರುವ ಚಿಕಿತ್ಸಾಲಯಕ್ಕೆ ಒಯ್ದರೆ ಕ್ಷಣದಲ್ಲಿ, ಕಾಸಿಲ್ಲದೆ ಗುಣವಾಗುತ್ತದೆ. ರಕ್ತ ಕಾಣಿಸುವುದಿಲ್ಲ.

ಈ ಕಲ್ಪಿತ ಲೋಕಕ್ಕೆ ತನ್ನದೇ ಆದ ನೀತಿಯೂ ಇದೆ ಎಂಬುದನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಮೊದಲ ಆಟದಲ್ಲೇ ಜೀವಿಗಳನ್ನು ಕದ್ದು ಹಣ ಮಾಡುವವರು ಖಳರು. ಅದೇ ಆಟದಲ್ಲಿ ಸತ್ತ ಜೀವಿಗಳ ಸಮಾಧಿಗಳಿರುವ ಗೋಪುರವೊಂದಿದೆ. ಆ ಖಳರಿಂದ ತಾಯಿಯನ್ನು ಕಳೆದುಕೊಂಡ ಮರಿಯೊಂದರ ಕಥೆಯೂ ಇದೆ. 1999ರ ಆಟಗಳಲ್ಲಿ ಕೆಲವು ಜೀವಿಗಳು ಯಜಮಾನನ ಅಕ್ಕರೆಯನ್ನು ಸಾಕಷ್ಟು ಪಡೆದಾಗ ಮಾತ್ರ ಮುಂದಿನ ರೂಪಕ್ಕೆ ಬೆಳೆಯುತ್ತವೆ. 2010ರ ‘ಬ್ಲ್ಯಾಕ್’ ಮತ್ತು ‘ವೈಟ್’ ಆಟಗಳು ನಮ್ಮ ಪ್ರಶ್ನೆಯನ್ನೇ ಕಥಾವಸ್ತುವಾಗಿಸಿದವು. ಅಲ್ಲಿ ಒಂದು ಪಂಗಡವು ಜೀವಿಗಳೆಲ್ಲವನ್ನೂ ಮನುಷ್ಯರಿಂದ ಬಿಡುಗಡೆ ಮಾಡಬೇಕೆಂದು ಬೀದಿಬೀದಿಯಲ್ಲಿ ಸಾರುತ್ತದೆ. ಎನ್ ಎಂಬ ತರುಣ ಅದನ್ನು ಮನಸಾರೆ ನಂಬಿದ್ದಾನೆ. ಆದರೆ ಹಿಂದೆ ನಿಂತು ನಡೆಸುವವನ ಗುಟ್ಟಿನ ಬಯಕೆ, ಉಳಿದವರೆಲ್ಲ ಬಿಟ್ಟುಕೊಟ್ಟ ಮೇಲೆ ತಾನೊಬ್ಬನೇ ಅವುಗಳ ಒಡೆಯನಾಗುವುದು. ಆಟವನ್ನು ಮಾಡಿದವರಿಗೂ ಈ ಪ್ರಶ್ನೆ ಅರಿಯದ್ದಲ್ಲ.

2. ಇಲ್ಲದ ಜೀವಿಗೆ ಅನ್ಯಾಯವಾಗುವುದೇ?

ಆಗುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳುವುದು ಅಗತ್ಯ. ಅನ್ಯಾಯವಾಗಬೇಕಾದರೆ ಅದನ್ನು ಅನುಭವಿಸುವ ಒಂದು ಜೀವವಿರಬೇಕು. ನೀತಿವಂತನು ತನ್ನ ಸಾಕುಪ್ರಾಣಿಯ ಅಗತ್ಯವನ್ನು ಬಲ್ಲವನೆಂದು ಜ್ಞಾನೋಕ್ತಿಗಳು 12:10 ಕಲಿಸುತ್ತದೆ. ಸಬ್ಬತ್ತಿನ ವಿಶ್ರಾಂತಿ ಎತ್ತಿಗೂ ಕತ್ತೆಗೂ ಸಲ್ಲುತ್ತದೆ (ವಿಮೋಚನಕಾಂಡ 23:12). ಕಣತುಳಿಯುವ ಎತ್ತಿನ ಬಾಯಿ ಕಟ್ಟಬಾರದು (ಧರ್ಮೋಪದೇಶಕಾಂಡ 25:4). ನಿನೆವೆಯನ್ನು ಕನಿಕರಿಸುವ ದೇವರು ಅಲ್ಲಿನ ಪಶುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ (ಯೋನ 4:11). ಈ ವಚನಗಳೆಲ್ಲ ಹಸಿಯುವ, ದಣಿಯುವ, ದೇವರಿಂದ ಉಂಟಾದ ಜೀವಿಯನ್ನು ಕುರಿತವು. ಪರದೆಯ ಮೇಲಿನ ಚಿತ್ರಕ್ಕೆ ಹಸಿವಿಲ್ಲ, ನೋವಿಲ್ಲ.

ಈ ಗೆರೆಯನ್ನು ಅಳಿಸಿದರೆ ನಷ್ಟವಾಗುವುದು ನಿಜವಾದ ಪ್ರಾಣಿಗಳಿಗೆ. ನಮ್ಮ ಕರಾವಳಿಯ ಕೋಳಿ ಅಂಕದಲ್ಲಿ ಹುಂಜದ ಕಾಲಿಗೆ ಕಟ್ಟುವ ಕತ್ತಿ ನಿಜವಾದದ್ದು, ಹರಿಯುವ ರಕ್ತ ನಿಜವಾದದ್ದು, ಪಣಕ್ಕಿಟ್ಟ ಮನೆಯ ದುಡ್ಡೂ ನಿಜವಾದದ್ದು. ಪ್ರಾಣಿಗಳನ್ನು ಕಾಳಗಕ್ಕೆ ಪ್ರಚೋದಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಪ್ರಕರಣದಂತೆ ಅಪರಾಧ. ಮಗುವಿನ ಕೈಯಲ್ಲಿರುವ ಆಟವನ್ನು ಪ್ರಸಂಗಪೀಠದಿಂದ ಖಂಡಿಸುವ ನಾವು ಊರಂಚಿನ ಅಂಕದ ಬಗ್ಗೆ ಮೌನವಾಗಿದ್ದರೆ, ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗುವವರ ಸಾಲಿನಲ್ಲಿ ನಿಲ್ಲುತ್ತೇವೆ.

ಹಾಗಾದರೆ ವಿಚಾರ ಇಲ್ಲಿಗೇ ಮುಗಿಯಿತೇ? ಇಲ್ಲ. ತೋಮಸ್ ಅಕ್ವೀನಾಸನು ‘ಸುಮ್ಮಾ ಥಿಯೊಲೊಜಿಯೆ’ಯಲ್ಲಿ ಧರ್ಮಶಾಸ್ತ್ರದ ಪ್ರಾಣಿದಯೆಯ ಕಟ್ಟಳೆಗಳಿಗೆ ಒಂದು ಕಾರಣವನ್ನು ಕೊಡುತ್ತಾನೆ: ಪ್ರಾಣಿಗಳ ವಿಷಯದಲ್ಲಿ ಕನಿಕರವನ್ನು ರೂಢಿಸಿಕೊಂಡವನು ಮನುಷ್ಯರ ವಿಷಯದಲ್ಲಿಯೂ ಕನಿಕರವುಳ್ಳವನಾಗಲು ಸಿದ್ಧನಾಗುತ್ತಾನೆ. ಇದು ಪ್ರಾಣಿಯನ್ನು ಮನುಷ್ಯನ ಅಭ್ಯಾಸದ ಸಾಧನವಾಗಿ ಮಾತ್ರ ಕಾಣುತ್ತದೆಂಬ ಆಕ್ಷೇಪಣೆ ಉಂಟು; ನಿಜವಾದ ಪ್ರಾಣಿಗಳ ಮಟ್ಟಿಗೆ ಆ ಆಕ್ಷೇಪಣೆ ಸರಿಯಾದದ್ದೇ. ಆದರೆ ಕಲ್ಪಿತ ಜೀವಿಯ ವಿಷಯದಲ್ಲಿ ತೋಮಸನ ವಾದವು ಕೊರತೆಯಿಲ್ಲದೆ ಹೊಂದುತ್ತದೆ. ಕಲ್ಪಿತ ಜೀವಿಗೆ ತನ್ನದೆಂಬ ಬಾಳಿಲ್ಲ. ಅದು ನಮ್ಮ ಅಭ್ಯಾಸಕ್ಕಾಗಿಯೇ ಇರುವ ವಸ್ತು. ಆದುದರಿಂದ ನಾವು ಕೇಳಬೇಕಾದುದು, ಆಟಗಾರನು ಅಲ್ಲಿ ಏನನ್ನು ಅಭ್ಯಾಸಮಾಡುತ್ತಿದ್ದಾನೆ ಎಂಬುದನ್ನು.

3. ನೋಡುವವನ ಹೃದಯ

ಈ ವಿಷಯದಲ್ಲಿ ಅಗಸ್ಟೀನನು ನಮಗೆ ಒಳ್ಳೆಯ ಮಾರ್ಗದರ್ಶಿ. 386ರಲ್ಲಿ, ದೀಕ್ಷಾಸ್ನಾನಕ್ಕೆ ಮೊದಲು, ಅವನು ಗೆಳೆಯರೊಡನೆ ಕಸ್ಸಿಸಿಯಾಕುಮ್ ಎಂಬಲ್ಲಿ ತಂಗಿದ್ದಾಗ ಮನೆಬಾಗಿಲ ಮುಂದೆ ಎರಡು ಹುಂಜಗಳು ಕಾದಾಡುತ್ತಿದ್ದವು. ಅವರು ನಿಂತು ನೋಡಿದರು. ಸೃಷ್ಟಿಯ ಕ್ರಮವನ್ನು ಕುರಿತ ತನ್ನ ಗ್ರಂಥದಲ್ಲಿ ಅವನು ಇದನ್ನು ನೆನೆದು, ಗೆದ್ದ ಹುಂಜದ ಗತ್ತಿನಲ್ಲಿಯೂ ಸೋತದ್ದರ ಕುಗ್ಗಿದ ರೂಪದಲ್ಲಿಯೂ ಒಂದು ಕ್ರಮ ಕಾಣುತ್ತದೆಂದು ಹೇಳಿ, ಇಂಥ ಕಾಳಗದ ನೋಟವೇ ನಮ್ಮನ್ನು ಏಕೆ ಸೆಳೆಯುತ್ತದೆಂದು ಕೇಳುತ್ತಾನೆ. ಆ ಹುಂಜಗಳನ್ನು ಯಾರೂ ಕಣಕ್ಕಿಳಿಸಿರಲಿಲ್ಲ, ಕತ್ತಿ ಕಟ್ಟಿರಲಿಲ್ಲ ಎಂಬುದನ್ನು ಗಮನಿಸಬೇಕು. ಬಲಾಬಲದ ಸ್ಪರ್ಧೆ ನಮ್ಮ ಕಣ್ಣನ್ನು ಸೆಳೆಯುವುದು ತಾನಾಗಿ ಪಾಪವಲ್ಲ.

ಆದರೆ ಅದೇ ಅಗಸ್ಟೀನನು ‘ಕನ್ಫೆಷನ್ಸ್’ ಗ್ರಂಥದ 6ನೆಯ ಪುಸ್ತಕದಲ್ಲಿ ಗೆಳೆಯ ಅಲಿಪಿಯುಸನ ಕಥೆಯನ್ನು ಹೇಳುತ್ತಾನೆ. ರೋಮಾಪುರದಲ್ಲಿ ಗೆಳೆಯರು ಅವನನ್ನು ಒತ್ತಾಯದಿಂದ ಕತ್ತಿಮಲ್ಲರ ಕಾಳಗಕ್ಕೆ ಎಳೆದೊಯ್ದಾಗ ಅವನು ಕಣ್ಣುಮುಚ್ಚಿ ಕುಳಿತಿದ್ದನು. ಜನರ ದೊಡ್ಡ ಕೂಗೊಂದು ಕೇಳಿಸಿ ಕಣ್ಣು ತೆರೆದನು. ರಕ್ತವನ್ನು ಕಂಡ ಗಳಿಗೆಯಲ್ಲೇ ಕ್ರೌರ್ಯದ ರುಚಿ ಅವನೊಳಗೆ ಇಳಿಯಿತು. ಕಣದಲ್ಲಿ ಬಿದ್ದವನ ಗಾಯಕ್ಕಿಂತ ಅಲಿಪಿಯುಸನ ಆತ್ಮದ ಗಾಯ ದೊಡ್ಡದೆಂದು ಅಗಸ್ಟೀನನ ಎಣಿಕೆ.

ಅದೇ ಗ್ರಂಥದ 3ನೆಯ ಪುಸ್ತಕದಲ್ಲಿ ಅವನು ನಾಟಕದ ಬಗ್ಗೆ ಹೇಳುವ ಮಾತು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ರಂಗದ ಮೇಲಿನ ಕಲ್ಪಿತ ದುಃಖವನ್ನು ಕಂಡು ಅಳುವವನು ಆ ಅಳುವಿನಲ್ಲಿ ಸುಖಪಡುತ್ತಾನೆ. ಅವನಿಂದ ಯಾವ ಸಹಾಯವನ್ನೂ ಯಾರೂ ನಿರೀಕ್ಷಿಸುವುದಿಲ್ಲ. ಕಲ್ಪನೆಯ ಲೋಕದಲ್ಲಿ ಭಾವನೆಗೆ ಹೊಣೆಯಿಲ್ಲ. ಎಲ್ಲ ಕಲೆಯೂ ಕೆಟ್ಟದ್ದೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಪ್ರವಾದಿ ನಾತಾನನು ಕಲ್ಪಿತ ಹೆಣ್ಣುಕುರಿಮರಿಯೊಂದರ ಕಥೆಯಿಂದಲೇ ದಾವೀದನ ಮನಸ್ಸಾಕ್ಷಿಯನ್ನು ಎಬ್ಬಿಸಿದನು (2 ಸಮುವೇಲ 12). ಇಲ್ಲದ ಕುರಿಮರಿಗಾಗಿ ಉಕ್ಕಿದ ಸಿಟ್ಟು ಇದ್ದ ಪಾಪವನ್ನು ತೋರಿಸಿತು. ಕಲ್ಪನೆಯು ಹೃದಯವನ್ನು ಮರಗಟ್ಟಿಸಬಲ್ಲದು, ಎಚ್ಚರಿಸಲೂ ಬಲ್ಲದು.

4. ದೊರೆತನದ ಮೂರು ಪರೀಕ್ಷೆಗಳು

ಪೊಕೆಮಾನ್ ಆಟಗಾರನು ಅಭ್ಯಾಸಮಾಡುವುದು ಕ್ರೌರ್ಯವನ್ನಲ್ಲ. ಒಂದು ಬಗೆಯ ದೊರೆತನವನ್ನು. ಆದಿಕಾಂಡ 1:26-28 ಮನುಷ್ಯನಿಗೆ ಜೀವಿಗಳ ಮೇಲೆ ದೊರೆತನವನ್ನು ಒಪ್ಪಿಸುತ್ತದೆ. ಆ ದೊರೆತನವು ಯಾವ ತೆರನಾದದ್ದು ಎಂಬುದನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸಬಹುದು.

ಗಾಯವನ್ನು ಹೊರುವವರು ಯಾರು? ಆಟದಲ್ಲಿ ಪೆಟ್ಟು ತಿನ್ನುವುದು ಜೀವಿ, ಪದಕ ಧರಿಸುವುದು ಯಜಮಾನ. ದಾವೀದನು ಕುರಿಮರಿಗಾಗಿ ತಾನೇ ಸಿಂಹದ ಬಾಯಿಗೆ ಕೈಯಿಟ್ಟನು (1 ಸಮುವೇಲ 17:34-35). ಒಳ್ಳೇ ಕುರುಬನು ಕುರಿಗಳಿಗೋಸ್ಕರ ತನ್ನ ಪ್ರಾಣವನ್ನೇ ಕೊಡುತ್ತಾನೆ (ಯೋಹಾನ 10:11). ಅಲ್ಲಿ ಕುರುಬನು ಕುರಿಗಾಗಿ ಕಾದಾಡುತ್ತಾನೆ. ಇಲ್ಲಿ ಕುರಿಯು ಕುರುಬನ ಕೀರ್ತಿಗಾಗಿ ಕಾದಾಡುತ್ತದೆ. ಆ ಜೀವಿಗಳಿಗೆ ಕಾಳಗವೇ ಇಷ್ಟವೆಂದು ಕಥೆ ಉತ್ತರಿಸುತ್ತದೆ. ಆದರೆ ಅವುಗಳ ಇಷ್ಟವನ್ನು ಬರೆದವನು ಕಥೆಗಾರನೇ. ಆಳಿಸಿಕೊಳ್ಳುವವರಿಗೆ ಅದೇ ಇಷ್ಟ ಎಂಬುದು ಒಡೆಯರು ತಮ್ಮ ಸಮಾಧಾನಕ್ಕಾಗಿ ಹೇಳಿಕೊಂಡು ಬಂದ ಹಳೆಯ ಮಾತು. ಜೀತವನ್ನೂ ಜಾತಿಯ ಊಳಿಗವನ್ನೂ ಕಂಡಿರುವ ನಾಡಿನ ಸಭೆಗೆ ಅದರ ಧ್ವನಿ ಅಪರಿಚಿತವಲ್ಲ.

ಬೆಲೆಯನ್ನು ಕಟ್ಟುವುದು ಯಾವುದು? ಆಟದ ಒಳಗೆ ಪ್ರತಿಯೊಂದು ಜೀವಿಗೂ ಹುಟ್ಟಿನಿಂದ ಗೊತ್ತಾದ ಗುಪ್ತ ಅಂಕಗಳಿವೆ. 2002ರ ಆಟಗಳಿಂದೀಚೆಗೆ ಬಲ, ವೇಗ, ತಾಳಿಕೆ ಮುಂತಾದ ಆರು ಗುಣಗಳಲ್ಲಿ ಒಂದೊಂದಕ್ಕೂ 0ರಿಂದ 31ರವರೆಗೆ ಒಂದು ಸಂಖ್ಯೆ. ಸ್ಪರ್ಧೆಯಲ್ಲಿ ಗಂಭೀರವಾಗಿ ತೊಡಗಿದವರು ಆರರಲ್ಲಿಯೂ 31 ಇರುವ ಒಂದು ಮರಿಗಾಗಿ ಮೊಟ್ಟೆಯ ಮೇಲೆ ಮೊಟ್ಟೆಯನ್ನು ಒಡೆಸುತ್ತ ಹೋಗುವುದುಂಟು. ಕಥೆಯು ಸ್ನೇಹವನ್ನು ಹೇಳುತ್ತದೆ, ಲೆಕ್ಕವು ಆಯ್ಕೆಯನ್ನು ಕಲಿಸುತ್ತದೆ. ಕಾಸಿಗೆ ಮಾರುವ ಗುಬ್ಬಿಗಳಲ್ಲಿ ಒಂದನ್ನಾದರೂ ದೇವರು ಮರೆಯುವುದಿಲ್ಲವೆಂದು ಯೇಸುಸ್ವಾಮಿ ಹೇಳಿದ್ದು (ಲೂಕ 12:6) ಪೇಟೆಯು ಆ ಗುಬ್ಬಿಗೆ ಕಟ್ಟಿದ ಬೆಲೆಯನ್ನು ಬಲ್ಲವನಾಗಿಯೇ.

ಬೇಡವಾದವುಗಳ ಗತಿಯೇನು? ಅಂಕ ಕಡಿಮೆಯಾದ ಮರಿಗಳನ್ನು ಒಂದು ಗುಂಡಿ ಒತ್ತಿ ಬಿಟ್ಟುಬಿಡುತ್ತಾರೆ. ‘ಪೊಕೆಮಾನ್ ಗೋ’ ಆಟದಲ್ಲಿ ಹೆಚ್ಚಾದವುಗಳನ್ನು ಪ್ರಾಧ್ಯಾಪಕನೊಬ್ಬನಿಗೆ ಒಪ್ಪಿಸಿದರೆ, ಉಳಿದವುಗಳನ್ನು ಬಲಪಡಿಸುವ ಮಿಠಾಯಿ ದೊರೆಯುತ್ತದೆ. ಯೆಹೆಜ್ಕೇಲನು 34ನೆಯ ಅಧ್ಯಾಯದಲ್ಲಿ ಇಸ್ರಾಯೇಲಿನ ಕುರುಬರ ಮೇಲೆ ಹೊರಿಸುವ ಆಪಾದನೆ ಇದೇ ದಿಕ್ಕಿನದು: ಕೊಬ್ಬಿದವು ಅವರಿಗೆ ಬೇಕು, ದುರ್ಬಲವಾದದ್ದು, ಮುರಿದದ್ದು, ತಪ್ಪಿಸಿಕೊಂಡದ್ದು ಯಾರ ಲೆಕ್ಕದಲ್ಲಿಯೂ ಇಲ್ಲ.

ಗುಂಡಿ ಒತ್ತಿದ ಬೆರಳು ಪಾಪಮಾಡಿತೆಂದು ನಾವು ಹೇಳುತ್ತಿಲ್ಲ. ಚದುರಂಗದಲ್ಲಿ ಕಾಲಾಳನ್ನು ಬಲಿಕೊಟ್ಟವನನ್ನು ಯಾರೂ ದೂರುವುದಿಲ್ಲ. ಆದರೆ ಕಾಲಾಳಿಗೆ ಮುಖವಿಲ್ಲ, ಹೆಸರಿಲ್ಲ. ಈ ಜೀವಿಗಳಿಗೆ ಕಣ್ಣುಗಳಿವೆ, ಕೂಗಿದೆ, ಮಗುವು ಇಟ್ಟ ಮುದ್ದಿನ ಹೆಸರೂ ಇರುತ್ತದೆ. ಮುಖ ಮತ್ತು ಹೆಸರಿರುವುದನ್ನು ಅಂಕ ನೋಡಿ ಆರಿಸಿಕೊಳ್ಳುವುದು, ಆರಿಸದೆ ಉಳಿದದ್ದನ್ನು ನೆನಪಿಲ್ಲದೆ ಬಿಡುವುದು: ಪರಿಶೀಲಿಸಬೇಕಾದ ಅಭ್ಯಾಸವು ಇದು. ಈ ಮಕ್ಕಳನ್ನೇ ನಾವು ಪರೀಕ್ಷೆಯ ಅಂಕಗಳಿಂದ ಹೀಗೆಯೇ ವಿಂಗಡಿಸುತ್ತೇವೆ. ಶಾಲೆಯ ಫಲಿತಾಂಶದ ನಂತರದ ಭಾನುವಾರ ಹೆಚ್ಚು ಅಂಕ ಪಡೆದವರನ್ನು ಮಾತ್ರ ಮುಂದೆ ಕರೆದು ಶಾಲು ಹೊದಿಸುವ ಸಭೆಯು ಆಟಕ್ಕಿಂತ ಬೇರೆಯಾದ ಪಾಠವನ್ನೇನೂ ಕಲಿಸುತ್ತಿಲ್ಲ.

5. ಸಭಾಪಾಲನೆಯಲ್ಲಿ

ಮೊದಲನೆಯದಾಗಿ, ತಿಳಿಯದೆ ಖಂಡಿಸಬಾರದು. ಆಟದಲ್ಲಿ ‘ವಿಕಾಸ’ವೆಂದು ಕರೆಯುವುದು ಕಂಬಳಿಹುಳು ಚಿಟ್ಟೆಯಾಗುವಂತಹ ರೂಪಾಂತರವನ್ನು, ಅದನ್ನು ಸೃಷ್ಟಿವಾದದ ವಿರುದ್ಧದ ಸಂಚೆಂದು ಬೋಧಿಸಿದರೆ, ಆಟವನ್ನು ಬಲ್ಲ ಮಕ್ಕಳು ನಮ್ಮ ಉಳಿದ ಮಾತುಗಳನ್ನೂ ನಂಬದೆ ಹೋದಾರು.

ಎರಡನೆಯದಾಗಿ, ಕೇಳಬೇಕು. ಕರ್ತನಾದ ದೇವರು ಪ್ರಾಣಿಗಳನ್ನು ಆದಾಮನ ಬಳಿಗೆ ಬರಮಾಡಿದಾಗ ಅವನು ಅವುಗಳಿಗೆ ಹೆಸರಿಟ್ಟನು (ಆದಿಕಾಂಡ 2:19-20). ಅಲ್ಲಿ ದೊರೆತನದ ಮೊದಲ ಕೆಲಸವು ಗಮನವಿಟ್ಟು ನೋಡಿ ಹೆಸರಿಡುವುದು. ಅದಕ್ಕೆ ಮುಂಚೆ ಯಾವ ಕಾಳಗವೂ ಇಲ್ಲ. ಭಾನುವಾರ ಶಾಲೆಯ ಶಿಕ್ಷಕರು ಮಕ್ಕಳನ್ನು ಹೀಗೆ ಕೇಳಬಹುದು: ನೀನು ಹೆಸರಿಟ್ಟದ್ದು ಯಾವುದಕ್ಕೆ? ಬಿಟ್ಟುಬಿಟ್ಟದ್ದು ಯಾವುದನ್ನು, ಏಕೆ? ಬಲವಿಲ್ಲದಿದ್ದರೂ ಇಟ್ಟುಕೊಂಡದ್ದು ಯಾವುದಾದರೂ ಇದೆಯೇ? ಅಂಕ ಕಡಿಮೆಯಿದ್ದರೂ ಮೊದಲು ದೊರೆತ ಜೀವಿಯನ್ನು ಕೊನೆಯವರೆಗೆ ಬಿಡದ ಮಕ್ಕಳಿದ್ದಾರೆ. ನಾತಾನನ ಕಥೆಯಂತೆ, ಆ ಉತ್ತರಗಳಿಂದ ನಿಜವಾದ ಜೀವಿಗಳ ಮತ್ತು ನೆರೆಯವರ ಕಡೆಗೆ ದಾರಿ ತೆರೆಯುತ್ತದೆ.

ಮೂರನೆಯದಾಗಿ, ಕಲ್ಪನೆಯಲ್ಲಿ ಕಲಿತ ಅಕ್ಕರೆಗೆ ನಿಜವಾದ ಕೆಲಸವನ್ನು ಕೊಡಬೇಕು. ಹೊಣೆಯಿಲ್ಲದ ಭಾವನೆಗೆ ಅಗಸ್ಟೀನನು ಕಂಡ ಅಪಾಯಕ್ಕೆ ಮದ್ದು ಹೊಣೆಯೇ. ಚಿಕಿತ್ಸೆ ಕ್ಷಣದಲ್ಲಿ ಮುಗಿಯದ ಬೀದಿನಾಯಿಯೊಂದನ್ನು, ದಿನವೂ ನೀರು ಕೇಳುವ ಹಸುವೊಂದನ್ನು ನೋಡಿಕೊಳ್ಳುವ ಮಗುವು, ಗಾಯಕ್ಕೆ ಬೆಲೆಯಿದೆ, ಗುಣವಾಗಲು ಕಾಲ ಬೇಕು ಎಂಬುದನ್ನು ಕಲಿಯುತ್ತದೆ. ಇದನ್ನು ಆಟವು ಕಲಿಸಲಾರದು.

ಉಪಸಂಹಾರ

ಕಲ್ಪಿತ ಜೀವಿಗಳನ್ನು ಕಾದಾಡಿಸುವುದರಿಂದ ಆ ಜೀವಿಗಳಿಗೆ ಅನ್ಯಾಯವಾಗುವುದಿಲ್ಲ. ಆದುದರಿಂದ ಅದನ್ನು ಕೋಳಿ ಅಂಕದೊಡನೆ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ಆಟವು ದೊರೆತನದ ಒಂದು ಚಿತ್ರವನ್ನು ಮುಂದಿಡುತ್ತದೆ. ಅದರಲ್ಲಿ ಅಕ್ಕರೆ, ಗೆಳೆತನಗಳೆಂಬ ಒಳ್ಳೆಯ ಅಂಶಗಳಿವೆ. ಇತರರ ಗಾಯದಿಂದ ಬರುವ ಕೀರ್ತಿ, ಅಂಕದಿಂದ ಅಳೆಯುವ ಬೆಲೆ, ನೆನಪಿಲ್ಲದೆ ಬಿಡುವ ರೂಢಿಗಳೆಂಬ ಕೆಟ್ಟ ಅಂಶಗಳೂ ಇವೆ. ಇವನ್ನು ಬೇರ್ಪಡಿಸಿ ತೋರಿಸುವುದು ಬೋಧಕನ ಕೆಲಸ. ಆ ಕೆಲಸವನ್ನು ಕೈಗೊಳ್ಳುವವನು ಅದೇ ಮೂರು ಪ್ರಶ್ನೆಗಳನ್ನು ಮೊದಲು ತನ್ನ ಪಾಲನೆಗೂ ಹಾಕಿಕೊಳ್ಳಲಿ. ನಮ್ಮ ಸಭೆಯಲ್ಲಿ ಗಾಯವನ್ನು ಹೊರುವವರು ಯಾರು, ಬೆಲೆ ಕಟ್ಟುವುದು ಯಾವುದು, ಲೆಕ್ಕಕ್ಕೆ ಬಾರದೆ ಹೊರಗುಳಿದವರು ಎಲ್ಲಿದ್ದಾರೆ? ಕುರಿಹಿಂಡನ್ನು ನಮಗೆ ಒಪ್ಪಿಸಿದಾತನು ಲೆಕ್ಕ ಕೇಳುವುದು ಇವುಗಳನ್ನೇ.