ರಹಸ್ಯದೊಡನೆ ಮುಳುಗಿದವರು: ಕ್ಯಾಪ್ಟನ್ ಕ್ರಾಮ್‌ವೆಲ್ ಮತ್ತು ‘ಸ್ಕಲ್ಪಿನ್’



ಮುಳುಗುವ ಹಡಗಿನೊಡನೆ ತಾವೂ ಮುಳುಗಿದ ನಾಯಕರೆಂದೊಡನೆ ಭಾರತೀಯರಾದ ನಮಗೆ ನೆನಪಾಗುವವರು 1971ರ ಡಿಸೆಂಬರ್ 9ರಂದು ‘ಖುಕ್ರಿ’ಯೊಡನೆ ಜಲಸಮಾಧಿಯಾದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ. ಹಡಗಿನ ಹೊಣೆ ಹೊತ್ತವನು ಅದನ್ನು ಬಿಟ್ಟು ಹೋಗಬಾರದೆಂಬ ಹಳೆಯ ನೌಕಾಸಂಪ್ರದಾಯಕ್ಕೆ ಸೇರಿದ ಮರಣ ಅದು. ಇಂದು ನಾವು ಹೇಳಹೊರಟಿರುವುದು ಬೇರೆ ಬಗೆಯದು. ಅಮೆರಿಕದ ಕ್ಯಾಪ್ಟನ್ ಜಾನ್ ಫಿಲಿಪ್ ಕ್ರಾಮ್‌ವೆಲ್ ಮುಳುಗಿದ್ದು ತಮ್ಮದಲ್ಲದ ನೌಕೆಯಲ್ಲಿ, ಹೊರಬರುವ ದಾರಿ ತೆರೆದಿದ್ದಾಗಲೇ.

ಎರಡನೆಯ ಮಹಾಯುದ್ಧದ ಜಲಾಂತರ್ಗಾಮಿಗಳು ನೀರಿನ ಮೇಲೆ ಡೀಸೆಲ್ ಬಲದಿಂದಲೂ ನೀರೊಳಗೆ ಬ್ಯಾಟರಿಯ ಬಲದಿಂದಲೂ ಚಲಿಸುತ್ತಿದ್ದವು. ಮುಳುಗಿದಾಗ ವೇಗ ತೀರ ಕಡಿಮೆ. ಬ್ಯಾಟರಿ ಕ್ಷೀಣಿಸುತ್ತದೆ, ಗಾಳಿ ಕೆಡುತ್ತದೆ. ಆಮ್ಲಜನಕ ಕಡಿಮೆಯಾಗುವ ಮೊದಲೇ ಇಂಗಾಲದ ಡೈ ಆಕ್ಸೈಡು ಹೆಚ್ಚಿ ತಲೆನೋವು ಬರುತ್ತದೆ, ಏದುಸಿರು ಹತ್ತುತ್ತದೆ. ಮೇಲೆ ಕಾಯುತ್ತಿರುವ ಶತ್ರುವಿಗೆ ಕಾಲವೇ ಮಿತ್ರ. ಆ ಯುದ್ಧದಲ್ಲಿ ಅಮೆರಿಕ ಕಳೆದುಕೊಂಡ ಜಲಾಂತರ್ಗಾಮಿಗಳು 52. ಅವುಗಳೊಡನೆ ಹೋದ ಜೀವಗಳು ಸುಮಾರು 3,500.

‘ಸ್ಕಲ್ಪಿನ್’ ಪರ್ಲ್ ಹಾರ್ಬರನ್ನು ಬಿಟ್ಟದ್ದು 1943ರ ನವೆಂಬರ್ 5ರಂದು. ಕ್ಯಾರೊಲಿನ್ ದ್ವೀಪಗಳಲ್ಲಿದ್ದ ಜಪಾನಿನ ಮಹಾ ನೌಕಾನೆಲೆ ಟ್ರುಕ್‌ನ ಬಳಿ ಕಾವಲಿರುವುದು ಅದರ ಕೆಲಸ. ನೌಕೆಯ ಅಧಿಪತಿ ಕಮಾಂಡರ್ ಫ್ರೆಡ್ ಕಾನವೇ. ಅಗತ್ಯ ಬಿದ್ದರೆ ಎರಡು ಮೂರು ಜಲಾಂತರ್ಗಾಮಿಗಳನ್ನು ಒಗ್ಗೂಡಿಸಿ ನಡೆಸಲೆಂದು 42 ವರ್ಷದ ಕ್ರಾಮ್‌ವೆಲ್ ಜೊತೆಗಿದ್ದರು. ಗಿಲ್ಬರ್ಟ್ ದ್ವೀಪಗಳ ಮೇಲೆ ನವೆಂಬರ್ 20ರಂದು ನಡೆಯಲಿದ್ದ ಆಕ್ರಮಣದ ಯೋಜನೆ ಅವರಿಗೆ ತಿಳಿದಿತ್ತು. ಅದಕ್ಕಿಂತ ದೊಡ್ಡ ಗುಟ್ಟೊಂದೂ ತಿಳಿದಿತ್ತು: ಜಪಾನೀಯರ ಗುಪ್ತಲಿಪಿಯನ್ನು ಅಮೆರಿಕ ಓದುತ್ತಿದೆ ಎಂಬುದು. ನೌಕೆಯ ಸಾಮಾನ್ಯ ನಾವಿಕರಿಗೆ ಇದರ ಸುಳಿವಿರಲಿಲ್ಲ.

ನವೆಂಬರ್ 19ರಂದು ಸ್ಕಲ್ಪಿನ್ ಒಂದು ಜಪಾನಿ ನೌಕಾಸಾಲನ್ನು ಬೆನ್ನಟ್ಟಿ, ‘ಯಮಗುಮೊ’ ಎಂಬ ವಿಧ್ವಂಸಕ ನೌಕೆಯ ಕಣ್ಣಿಗೆ ಬಿದ್ದಿತು. ನೀರೊಳಗೆ ಸಿಡಿಯುವ ಡೆಪ್ತ್ ಚಾರ್ಜುಗಳ ಹೊಡೆತಕ್ಕೆ ಆಳಮಾಪಕ ಕೆಟ್ಟು, ಮುಳ್ಳು 125 ಅಡಿಯ ಬಳಿ ಅಂಟಿಕೊಂಡಿತು. ಇನ್ನೂ ಆಳದಲ್ಲೇ ಇದ್ದೇವೆಂದು ಅದನ್ನು ನಂಬಿ ಮೇಲೇರುತ್ತಿದ್ದ ನೌಕೆ ಹಾಡಹಗಲಲ್ಲಿ ನೀರಿನ ಮೇಲೆಯೇ ಬಂದುಬಿಟ್ಟಿತು. ಒಂದು ಮುಳ್ಳಿನ ಕತೆ! ಆಸ್ಪತ್ರೆಯಲ್ಲಿಯೂ ಕೆಟ್ಟುಹೋದ ಉಪಕರಣಕ್ಕಿಂತ, ಸರಿಯಿರುವಂತೆ ತೋರುವ ಉಪಕರಣವೇ ಹೆಚ್ಚು ಅಪಾಯಕಾರಿಯೆಂಬುದನ್ನು ನಾವು ಕಂಡಿದ್ದೇವೆ. ಮತ್ತೆ ಮುಳುಗಿದರೂ ಜರ್ಝರಿತವಾದ ನೌಕೆ ಹಿಡಿತಕ್ಕೆ ಬರಲಿಲ್ಲ. ಕಾನವೇ ಅವರು ಮೇಲಕ್ಕೆ ಬಂದು ಫಿರಂಗಿಯಿಂದ ಹೋರಾಡಲು ನಿಶ್ಚಯಿಸಿದರು. ಅದು ಸರಿಸಮನಾದ ಕಾಳಗವಾಗಿರಲಿಲ್ಲ; ಅವರೂ ಇತರ ಹಿರಿಯ ಅಧಿಕಾರಿಗಳೂ ಹತರಾದರು.

ಉಳಿದವರಲ್ಲಿ ಹಿರಿಯರಾದ ಲೆಫ್ಟಿನೆಂಟ್ ಬ್ರೌನ್ ಎಲ್ಲರೂ ಹೊರಬೀಳಬೇಕೆಂದೂ, ನೌಕೆ ಶತ್ರುವಿನ ಕೈಗೆ ಸಿಗದಂತೆ ಅದನ್ನು ಮುಳುಗಿಸಬೇಕೆಂದೂ ಆಜ್ಞಾಪಿಸಿದರು. ಕ್ರಾಮ್‌ವೆಲ್ ಒಪ್ಪಿದರು, ಆದರೆ ತಾವು ಬರಲಾರೆವು, ತಮಗೆ ತಿಳಿದಿರುವುದು ಬಹಳವಾಯಿತು ಎಂದರು. ಆಳಮಾಪಕದ ಮುಂದೆ ನಿಂತಿದ್ದ ಕಿರಿಯ ಅಧಿಕಾರಿ ಫೀಡ್ಲರ್ ಕೂಡ ಒಳಗೇ ಉಳಿದರು. ಕ್ರಾಮ್‌ವೆಲ್ ಅವರೂ ಇನ್ನು 11 ಮಂದಿಯೂ ನೌಕೆಯೊಡನೆ ತಳ ಸೇರಿದರು.

ಇದು ಆತ್ಮಹತ್ಯೆಯಲ್ಲವೇ ಎಂದು ಕೇಳುವವರಿದ್ದಾರೆ. ಧೀರನಾದವನು ಸೆರೆಯಲ್ಲಿ ಬಾಯಿಮುಚ್ಚಿಕೊಂಡು ಇರಬಹುದಾಗಿತ್ತಲ್ಲ? ವೈದ್ಯರಾದ ನಾವು ಇದನ್ನು ಅಷ್ಟು ಸುಲಭವಾಗಿ ಒಪ್ಪಲಾರೆವು. ಮೌನವಾಗಿರುವುದು ಬರಿಯ ಮನೋಬಲದ ವಿಷಯವಲ್ಲ. ರೆಸಿಡೆನ್ಸಿಯ ದಿನಗಳಲ್ಲಿ 36 ಗಂಟೆ ನಿದ್ದೆಗೆಟ್ಟಾಗ, ಯಾವ ಹಿಂಸೆಯೂ ಇಲ್ಲದೆಯೇ, ನಾವು ಏನು ಮಾತನಾಡಿದೆವೆಂಬುದು ನಮಗೇ ನೆನಪಿರುತ್ತಿರಲಿಲ್ಲ. ನೋವು, ಹಸಿವು, ಜ್ವರ, ನಿದ್ರಾಹೀನತೆ ಸೇರಿದರೆ ಮಿದುಳು ತನ್ನ ಕಾವಲನ್ನು ತಾನೇ ಸಡಿಲಿಸುತ್ತದೆ. ಚಿತ್ರಹಿಂಸೆಯಿಂದ ಸುಳ್ಳೂ ಹೊರಡುತ್ತದೆ, ನಿಜ. ಆದರೆ ಈ ಗುಟ್ಟು ಒಂದೇ ವಾಕ್ಯದ್ದು. ಗುಪ್ತಲಿಪಿ ಬಯಲಾಗಿದೆಯೆಂಬ ಅನುಮಾನ ಹುಟ್ಟಿದರೆ ಸಾಕು, ಶತ್ರು ಅದನ್ನು ಬದಲಿಸುತ್ತಾನೆ. ಅರಿವನ್ನು ಕೆಳಗೆ ಬಿಟ್ಟು ದೇಹವನ್ನು ಮಾತ್ರ ಮೇಲೆ ಒಯ್ಯುವ ಉಪಾಯವಿದ್ದಿದ್ದರೆ ಕ್ರಾಮ್‌ವೆಲ್ ಬದುಕುತ್ತಿದ್ದರೆಂದೇ ನಮ್ಮ ಭಾವನೆ. ಸಾವು ಅವರ ಉದ್ದೇಶವಾಗಿರಲಿಲ್ಲ.

ಅವರ ಭಯ ಕಾಲ್ಪನಿಕವೂ ಆಗಿರಲಿಲ್ಲ. ಯಮಗುಮೊ ನೀರಿನಿಂದೆತ್ತಿದವರು 42 ಮಂದಿ. ತೀವ್ರವಾಗಿ ಗಾಯಗೊಂಡಿದ್ದ ಒಬ್ಬನನ್ನು ಮತ್ತೆ ಸಮುದ್ರಕ್ಕೆ ಎಸೆಯಲಾಯಿತು. ಉಳಿದ 41 ಮಂದಿಯನ್ನು ಟ್ರುಕ್‌ನಲ್ಲಿ ಹೊಡೆದು ಬಡಿದು ವಿಚಾರಿಸಿದರು. ಗಾಯಾಳುಗಳ ಅಂಗಚ್ಛೇದನವನ್ನು ಅರಿವಳಿಕೆಯಿಲ್ಲದೆ ಮಾಡಲಾಯಿತೆಂದು ಬದುಕಿ ಬಂದವರು ಹೇಳಿದ್ದಾರೆ. ಆ ಗುಟ್ಟನ್ನು ಅವರಾರೂ ಹೇಳುವಂತಿರಲಿಲ್ಲ. ಅವರಿಗೆ ಅದು ಗೊತ್ತೇ ಇರಲಿಲ್ಲ.

ಮುಂದಿನದನ್ನು ಹೇಳಲು ನಮಗೆ ಕಷ್ಟವಾಗುತ್ತದೆ. ಸೆರೆಯಾಳುಗಳನ್ನು ಎರಡು ವಿಮಾನವಾಹಕ ನೌಕೆಗಳಲ್ಲಿ ಜಪಾನಿಗೆ ಸಾಗಿಸಿದರು: ‘ಚುಯೊ’ದಲ್ಲಿ 21, ‘ಉನ್ಯೊ’ದಲ್ಲಿ 20. ಅಮೆರಿಕದವರು ಇನ್ನೂ ಓದುತ್ತಿದ್ದ ಆ ಗುಪ್ತಲಿಪಿಯಿಂದಲೇ ಈ ನೌಕೆಗಳ ಮಾರ್ಗ ತಿಳಿಯಿತು. ಡಿಸೆಂಬರ್ 4ರಂದು ಬಿರುಗಾಳಿಯ ನಡುವೆ ‘ಸೈಲ್‌ಫಿಶ್’ ಎಂಬ ಜಲಾಂತರ್ಗಾಮಿ ಚುಯೊವನ್ನು ಟಾರ್ಪೆಡೊಗಳಿಂದ ಮುಳುಗಿಸಿತು. ಅದರೊಳಗೆ ತಮ್ಮವರಿದ್ದಾರೆಂದು ಅದಕ್ಕೆ ತಿಳಿದಿರಲಿಲ್ಲ. ಈ ಸೈಲ್‌ಫಿಶ್ ಹಿಂದೆ ‘ಸ್ಕ್ವಾಲಸ್’ ಎಂಬ ಹೆಸರಿನಲ್ಲಿ 1939ರ ಮೇ 23ರಂದು ನ್ಯೂ ಹ್ಯಾಂಪ್‌ಶೈರ್ ಕರಾವಳಿಯಾಚೆ ಮುಳುಗಿದ ನೌಕೆ. ಆಗ ಅದನ್ನು ಹುಡುಕಿ ಕಂಡುಹಿಡಿದದ್ದು ಇದೇ ಸ್ಕಲ್ಪಿನ್. 33 ಮಂದಿ ಜೀವಂತ ಹೊರಬಂದಿದ್ದರು.

ಚುಯೊದಲ್ಲಿದ್ದ 21 ಮಂದಿಯಲ್ಲಿ ಬದುಕಿದವನು ಒಬ್ಬನೇ. ಪಕ್ಕದಲ್ಲಿ ಹಾದುಹೋದ ಜಪಾನಿ ವಿಧ್ವಂಸಕ ನೌಕೆಯ ಏಣಿಯನ್ನು ಹಿಡಿದು ಅವನು ಮೇಲೆ ಹತ್ತಿದ. ಅವನೂ ಉನ್ಯೊದ 20 ಮಂದಿಯೂ ಸೆರೆವಾಸವನ್ನು ಮುಗಿಸಿ 1945ರಲ್ಲಿ ಮರಳಿದರು. ಸ್ಕಲ್ಪಿನ್‌ನ ಕೊನೆಯ ದಿನದ ವೃತ್ತಾಂತ ಅಮೆರಿಕಕ್ಕೆ ಪೂರ್ಣವಾಗಿ ತಿಳಿದದ್ದು ಆಗಲೇ. ಕ್ರಾಮ್‌ವೆಲ್ ಅವರಿಗೆ ಮರಣೋತ್ತರವಾಗಿ ಮೆಡಲ್ ಆಫ್ ಆನರ್ ಸಂದಿತು.